ತೋನ್ಸೆಪಾರಿನ ಕಲ್ಲುಗಂಬಗಳು

ಉಪ್ಪಲ್ ಕೂಡುರಸ್ತೆಯ ಗದ್ದಲ ಎಂತಹುದೆಂದು ನಮ್ಮ ಬಳಗದವರಿಗೆ ಹೇಳಬೇಕಾಗಿಲ್ಲ. ವರಂಗಲ್ಲಿನ ಕಡೆಗೆ ಹೊರಟ ಬಸ್ಸುಗಳು, ಸಾಲುಗಟ್ಟಿದ ಲಾರಿಗಳು, ಆಟೋರಿಕ್ಷಾಗಳ ಕೂಗು, ತಲೆಯ ಮೇಲೆ ಮೆಟ್ರೋ ರೈಲು: ಇವುಗಳ ನಡುವೆಯೇ ಬಾಳಿ ಅಭ್ಯಾಸವಾಗಿ ಹೋಗಿರುವ ನಾವು ನಾಲ್ಕು ಕನ್ನಡ ಕುಟುಂಬಗಳವರು, ಜೀವಮಾನದಲ್ಲಿ ಒಂದು ದಿನವಾದರೂ ವಾಹನದ ಸದ್ದೇ ಇಲ್ಲದ ನೆಲದ ಮೇಲೆ ಕಾಲಿಟ್ಟು ಬರೋಣವೆಂದು ಸಂಕಲ್ಪ ಮಾಡಿದೆವು. ಹೆಸರಿನಲ್ಲಿ ಮಾತ್ರ ಉಪ್ಪಿರುವ ಊರಿನಿಂದ ನಿಜವಾದ ಉಪ್ಪುನೀರಿನ ಕಡೆಗೆ ನಮ್ಮ ಪ್ರಯಾಣ ಹೊರಟಿತು. ಕಾಚಿಗುಡದಲ್ಲಿ ರೈಲು ಹತ್ತಿ ಮಂಗಳೂರು, ಅಲ್ಲಿಂದ ಬಸ್ಸಿನಲ್ಲಿ ಉಡುಪಿ, ಶ್ರೀಕೃಷ್ಣನ ದರ್ಶನ, ಮರುದಿನ ಬೆಳಗ್ಗೆ ಮಲ್ಪೆ. ಮಲ್ಪೆಯ ಕಡಲಿನಲ್ಲಿ, ದಡದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ.

ವಿಹಾರಕ್ಕೆಂದು ಹೋದವರು ನಾವು. ಆದರೆ ಅಲ್ಲಿ ನಮ್ಮ ತಂಡದ ಚಿಕ್ಕ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆ ನಮ್ಮನ್ನು ಚರಿತ್ರೆಯ ಪುಸ್ತಕಗಳ ಕಡೆಗೆ ಎಳೆದೊಯ್ದಿತು. ಆ ಪ್ರಶ್ನೆಯನ್ನೂ ಅದಕ್ಕೆ ನಾವು ಕಂಡುಕೊಂಡ ಉತ್ತರವನ್ನೂ ನಮ್ಮ ಸಂಘದ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೋಣಿಯಲ್ಲಿ ಕೇಳಿದ ಕಥೆ

ಮಲ್ಪೆ ದೊಡ್ಡ ಮೀನುಗಾರಿಕೆ ಬಂದರು. ಮುಂಜಾವದಲ್ಲಿಯೇ ಮೀನಿನ ಬುಟ್ಟಿಗಳು, ಮಂಜುಗಡ್ಡೆಯ ಗಾಡಿಗಳು, ಬಲೆ ಹೆಣೆಯುವವರು, ಹರಾಜಿನ ಕೂಗು. ಈ ಸಂತೆಯನ್ನು ದಾಟಿ ನಮ್ಮ ದೋಣಿ ಹೊರಬಿದ್ದ ಮೇಲೆ ದಡದ ತೆಂಗಿನ ಸಾಲು ಕ್ರಮೇಣ ಒಂದು ಹಸುರು ಗೆರೆಯಾಗಿ ಕಂಡಿತು. ಮಕ್ಕಳಿಗೆಲ್ಲ ತೇಲುವ ಅಂಗಿ ತೊಡಿಸಲಾಗಿತ್ತು. ಡೆಕ್ಕನ್ನಿನ ಒಣಭೂಮಿಯಲ್ಲಿ ಹುಟ್ಟಿ ಬೆಳೆದ ಅವರು ಕಡಲನ್ನು ಕಂಡದ್ದು ಅದೇ ಮೊದಲು.

ಸಹಪ್ರಯಾಣಿಕರೊಬ್ಬರು ಉತ್ಸಾಹದಿಂದ ಮಕ್ಕಳಿಗೆ ಕಥೆ ಹೇಳತೊಡಗಿದರು. "1498ರಲ್ಲಿ ವಾಸ್ಕೋ ಡ ಗಾಮ ಪೋರ್ಚುಗಲ್ಲಿನಿಂದ ಹೊರಟು ಭಾರತಕ್ಕೆ ಬಂದನಲ್ಲ, ಅವನು ಮೊಟ್ಟಮೊದಲು ಕಾಲಿಟ್ಟದ್ದು ಇದೇ ದ್ವೀಪದ ಮೇಲೆ. ಇಲ್ಲಿ ಶಿಲುಬೆ ನೆಟ್ಟು, ಮೇರಿಯಮ್ಮನ ಹೆಸರಿಟ್ಟು, ಆಮೇಲೆ ಕಲ್ಲಿಕೋಟೆಗೆ ಹೋದ" ಎಂದರು. ಮಕ್ಕಳು ಕಣ್ಣರಳಿಸಿ ಕೇಳಿದರು. ನಾವೂ ತಲೆಯಾಡಿಸಿದೆವು. ಈ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದವರೇ.

ಆಗ ಎಂಟು ವರ್ಷದ ಆ ಹುಡುಗಿ ಕೇಳಿದಳು: "ಅವನು ಬರೋಕ್ಕಿಂತ ಮುಂಚೆ ಇದಕ್ಕೆ ಹೆಸರೇ ಇರ್ಲಿಲ್ವಾ?"

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಕೊಟ್ಟವನು ಚುಕ್ಕಾಣಿ ಹಿಡಿದಿದ್ದ ದೋಣಿಯವನು. "ಇಲ್ಲದೆ ಎಂತ ಮಗಾ? ನಮ್ಮ ಹಿರಿಯರು ತೋನ್ಸೆಪಾರ್ ಅಂತಲೇ ಹೇಳುವುದು. ತೆಂಗಿನ ದ್ವೀಪ ಅಂತಲೂ ಉಂಟು" ಎಂದ. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕಿರುವ, ಎದುರು ದಡದ ಊರು. ದಡದ ಊರಿನ ಹೆಸರೇ ಕಡಲಿನ ಬಂಡೆಗೂ ಸಂದಿದೆ. ಅದನ್ನು ತಿಳಿಯಲು ನಾವು ಹೈದರಾಬಾದಿನಿಂದ ಬರಬೇಕಾಯಿತು, ಅದೂ ಒಂದು ಮಗು ಕೇಳಬೇಕಾಯಿತು.

ದ್ವೀಪದ ಮೇಲೆ

ಇಲ್ಲಿರುವುದು ಒಂದೇ ದ್ವೀಪವಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹಾದುರ್‌ಗಡ, ದಕ್ಷಿಣ ದ್ವೀಪ ಎಂದು ನಾಲ್ಕು ಮುಖ್ಯವಾದವು. ಸುತ್ತ ಚಿಕ್ಕಪುಟ್ಟ ಬಂಡೆಗಳು ಹಲವು. ಹೈದರಾಬಾದಿನಲ್ಲಿ ಬಾಳುವ ನಮಗೆ 'ದರಿಯಾ' ಎಂದರೇನು, 'ಬಹಾದುರ್' ಎಂದರೇನು ಎಂದು ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ತುಳುನಾಡಿನ ಕಡಲಿನಲ್ಲಿ ನಮ್ಮ ಹಳೆಯ ಪೇಟೆಯ ಭಾಷೆಯೂ ಒಂದು ದ್ವೀಪದ ಹೆಸರಾಗಿ ನಿಂತಿರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು 500 ಮೀಟರು, ಅಗಲ 100 ಮೀಟರು. ಅಂದರೆ ನಮ್ಮ ಉಪ್ಪಲಿನ ಕ್ರಿಕೆಟ್ ಮೈದಾನದ ಸುತ್ತ ಒಂದು ಪ್ರದಕ್ಷಿಣೆ ಬಂದಷ್ಟು ನಡೆದರೆ ದ್ವೀಪದ ಬಹುಪಾಲು ನೋಡಿದಂತಾಯಿತು. ಅಲ್ಲಿ ವಾಹನವಿಲ್ಲ, ವಾಹನ ಓಡುವ ರಸ್ತೆಯಿಲ್ಲ, ಸಂಸಾರ ಹೂಡಿದ ಮನೆಯೂ ಇಲ್ಲ. ಬಂದವರೆಲ್ಲ ಸಂಜೆಯೊಳಗೆ ಹಿಂದಿರುಗಬೇಕು. ತೆಂಗಿನ ಮರಗಳು, ಬಂಡೆಗಳು, ಬಂಡೆಗಳ ನಡುನಡುವೆ ಕಡಲು ಒಳಚಾಚಿ ಬಿಟ್ಟುಹೋಗಿರುವ ಪುಟ್ಟ ಪುಟ್ಟ ಮರಳಿನ ಮಡಿಲುಗಳು. ಮರಳು ಎಂದೆವಾದರೂ ಬಹಳ ಕಡೆ ಅದು ಬರಿಯ ಮರಳಲ್ಲ, ಚಿಪ್ಪುಗಳ ರಾಶಿ. ಇಡೀ ಚಿಪ್ಪು, ಒಡೆದ ಚಿಪ್ಪು, ನುಣ್ಣನೆ ಪುಡಿಯಾದ ಚಿಪ್ಪು, ಕಾಲಿಟ್ಟರೆ ಸಣ್ಣಗೆ ಸದ್ದು ಮಾಡುತ್ತದೆ.

ಆ ಬೆಳಗ್ಗೆ ನಮ್ಮದೇ ಮೊದಲ ದೋಣಿಯಾಗಿತ್ತು. ದೋಣಿ ಹಿಂದಿರುಗಿ ಅದರ ಯಂತ್ರದ ಸದ್ದು ಅಡಗಿದ ಮೇಲೆ ನಮ್ಮ ಗುಂಪಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅಲೆ ಬಂದು ಹೋಗುವ ಶಬ್ದ, ತೆಂಗಿನ ಗರಿಯ ಶಬ್ದ, ಒಂದೆರಡು ಹಕ್ಕಿಗಳು. ನಮ್ಮ ಕಿವಿಗಳಿಗೂ ವಿಶ್ರಾಂತಿ ಬೇಕಾಗುತ್ತದೆ ಎಂಬುದು ಅಂದೇ ನಮಗೆ ತಿಳಿದದ್ದು.

ಚರಿತ್ರೆ ಏನು ಹೇಳುತ್ತದೆ?

ಊರಿಗೆ ಮರಳಿದ ಮೇಲೆ ಹುಡುಗಿಯ ಪ್ರಶ್ನೆಯ ಬೆನ್ನು ಹತ್ತಿದೆವು. ಗಾಮನ ಮೊದಲ ಯಾತ್ರೆಯಲ್ಲಿ ಜೊತೆಗಿದ್ದವನೊಬ್ಬ ಬರೆದ ದಿನಚರಿಯೊಂದು ಉಳಿದಿದೆ. ಬರೆದವನು ತನ್ನ ಹೆಸರು ಹೇಳಿಕೊಂಡಿಲ್ಲ. ಆಲ್ವಾರೋ ವೆಲ್ಯೋ ಎಂಬಾತನದೆಂದು ವಿದ್ವಾಂಸರು ಸಾಮಾನ್ಯವಾಗಿ ನಂಬುತ್ತಾರೆ. ಇದು 1838ರಲ್ಲಿ ಪೋರ್ಚುಗಲ್ಲಿನಲ್ಲಿ ಅಚ್ಚಾಯಿತು. ರೇವನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದ 1898ರಲ್ಲಿ ಹೊರಬಂದಿತು. ಕಣ್ಣಾರೆ ಕಂಡವನ ಬರವಣಿಗೆಯಾದ್ದರಿಂದ ಇದಕ್ಕೆ ಬೆಲೆ ಹೆಚ್ಚು.

ಈ ದಿನಚರಿಯ ಪ್ರಕಾರ ನಡೆದದ್ದು ಹೀಗೆ. ಗಾಮನ ಹಡಗುಗಳು 1498ರ ಏಪ್ರಿಲ್ 24ರಂದು ಪೂರ್ವ ಆಫ್ರಿಕದ ಮಲಿಂದಿಯನ್ನು ಬಿಟ್ಟು, ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಸಾಮೂದಿರಿಯೊಡನೆ ವ್ಯವಹಾರ ಕುದುರಲಿಲ್ಲ. ಮನಸ್ತಾಪ ಬೆಳೆದು ಆಗಸ್ಟ್ 29ರಂದು ಅವರು ಕಲ್ಲಿಕೋಟೆಯನ್ನು ಬಿಟ್ಟರು. ದಡದ ಗುಂಟ ಉತ್ತರಕ್ಕೆ ಸಾಗಿ, ಸೆಪ್ಟೆಂಬರ್ 15ರ ಶನಿವಾರ, ನೆಲದಿಂದ ಎರಡು ಹರದಾರಿ ದೂರದಲ್ಲಿದ್ದ ಕೆಲವು ನಡುಗಡ್ಡೆಗಳ ಬಳಿಗೆ ಬಂದರು. ಅವುಗಳಲ್ಲೊಂದರ ಮೇಲೆ ಕಂಬ ನೆಟ್ಟು 'ಸಾಂತಾ ಮರಿಯಾ' ಎಂದು ಹೆಸರಿಟ್ಟರು. ಆ ಹೆಸರು ಇಂದಿಗೂ ಉಳಿದಿರುವುದು ಮಲ್ಪೆಯ ಈ ದ್ವೀಪಗಳಿಗೆ.

ಆದ್ದರಿಂದ ಓದುಗರು ಗಮನಿಸಬೇಕಾದ ಮೊದಲ ಸಂಗತಿ: ಗಾಮ ಭಾರತದಲ್ಲಿ ಮೊಟ್ಟಮೊದಲು ಕಾಲಿಟ್ಟದ್ದು ಇಲ್ಲಿ ಅಲ್ಲ. ಈ ದ್ವೀಪ ಅವನಿಗೆ ಸಿಕ್ಕಿದ್ದು ಬರುವಾಗಲಲ್ಲ, ಹೋಗುವಾಗ. ನಾವು ದೋಣಿಯಲ್ಲಿ ಕೇಳಿದ ಕಥೆ ಹಲವು ಪ್ರವಾಸ ಪುಸ್ತಿಕೆಗಳಲ್ಲಿಯೂ ಇದೆ. ಆದರೆ ಅದು ತಲೆಕೆಳಗಾದ ಕಥೆ.

ಎರಡನೆಯ ಸಂಗತಿ, ಆ ಕಂಬ ಎಂತಹುದು ಎಂಬುದು. ಅದು ಬರಿಯ ಭಕ್ತಿಯ ಶಿಲುಬೆಯಲ್ಲ. ಪೋರ್ಚುಗಲ್ಲಿನ ದೊರೆಗಳು 1482ರಲ್ಲಿ ದಿಯೋಗೊ ಕಾವೊ ಎಂಬ ನಾವಿಕನನ್ನು ಆಫ್ರಿಕಕ್ಕೆ ಕಳುಹಿಸಿದಾಗಿನಿಂದ, ತಮ್ಮ ನಾವಿಕರು ತಲುಪಿದ ತೀರಗಳಲ್ಲಿ ರಾಜಲಾಂಛನ ಕೆತ್ತಿದ, ತುದಿಯಲ್ಲಿ ಶಿಲುಬೆಯಿರುವ ಕಲ್ಲುಗಂಬಗಳನ್ನು ನೆಡಿಸುತ್ತಿದ್ದರು. 'ನಾವು ಇಲ್ಲಿಗೆ ಬಂದಿದ್ದೇವೆ, ಇದರ ಮೇಲೆ ನಮಗೊಂದು ಹಕ್ಕಿದೆ' ಎಂಬುದು ಅದರ ಅರ್ಥ. ಗಾಮನಿಗೆ ದೊರೆ ಮೂರು ಕಂಬಗಳನ್ನು ನೆಡಲು ಹೇಳಿದ್ದನು. ಸಂತ ರಾಫೆಲನ ಹೆಸರಿನದು ಆಫ್ರಿಕದ ನದಿಯೊಂದರ ಬಳಿ, ಸಂತ ಗೇಬ್ರಿಯಲನ ಹೆಸರಿನದು ಕಲ್ಲಿಕೋಟೆಯಲ್ಲಿ. ಉಳಿದ ಮೂರನೆಯದು ನಮ್ಮ ಕರಾವಳಿಯ ಪಾಲಿಗೆ ಬಂದಿತು.

ದಿನಚರಿಯಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದದ್ದು ಇನ್ನೊಂದು ಚಿಕ್ಕ ಪ್ರಸಂಗ. ಕಂಬ ನೆಡುವ ಮೊದಲು ಸುತ್ತಮುತ್ತಲಿನ ಮೀನುಗಾರರು ಹಲವು ದೋಣಿಗಳಲ್ಲಿ ಮೀನು ತಂದರಂತೆ. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿದ. ಈ ದ್ವೀಪದ ಮೇಲೆ ಒಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಅವರು ಬಹಳ ಸಂತೋಷವೆಂದರಂತೆ; ಅದರಿಂದ ನೀವೂ ನಮ್ಮಂತೆಯೇ ಕ್ರೈಸ್ತರೆಂದು ಸ್ಥಿರಪಡುತ್ತದೆ ಎಂದರಂತೆ! ಈ ಮಾತು ಯಾವ ಭಾಷೆಯಲ್ಲಿ ನಡೆಯಿತೋ, ಯಾರು ಯಾರಿಗೆ ಏನೆಂದು ಅರ್ಥಮಾಡಿಸಿದರೋ! ಅದೇ ಯಾತ್ರೆಯಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯ ದೇವಸ್ಥಾನವೊಂದನ್ನು ಮೇರಿಯಮ್ಮನ ಗುಡಿಯೆಂದು ತಿಳಿದು ಕೈಮುಗಿದಿದ್ದರೆಂಬುದನ್ನು ನೆನೆದರೆ, ಇಲ್ಲಿಯೂ ಅಂತಹುದೇ ತಪ್ಪು ತಿಳಿವಳಿಕೆ ನಡೆದಿರಬೇಕೆಂದು ಊಹಿಸಬಹುದು. ಮೊಗವೀರರ ನಾಡಿನ ಆ ಮೀನುಗಾರರು ಮನೆಗೆ ಬಂದ ಅತಿಥಿಯ ಮಾತಿಗೆ ಇಲ್ಲವೆನ್ನದೆ ತಲೆಯಾಡಿಸಿರಬೇಕು. ಆ ತಲೆಯಾಟ ಅತಿಥಿಯ ಪುಸ್ತಕದಲ್ಲಿ ಒಪ್ಪಿಗೆ ಎಂದು ದಾಖಲಾಯಿತು.

ಈ ಕರಾವಳಿ ಆಗ ಒಡೆಯರಿಲ್ಲದ ನೆಲವಾಗಿರಲಿಲ್ಲ. ಆಳುಪರ ಕಾಲದಿಂದ ರಾಜಧಾನಿಯಾಗಿ ಮೆರೆದಿದ್ದ ಬಾರ್ಕೂರು ಇಲ್ಲಿಂದ ಬಹು ದೂರವೇನಲ್ಲ. ಅದು ವಿಜಯನಗರ ಸಾಮ್ರಾಜ್ಯದ ಒಂದು ಪ್ರಾಂತದ ಮುಖ್ಯ ಪಟ್ಟಣ. 1498ರಲ್ಲಿ ವಿಜಯನಗರದಲ್ಲಿ ಅಧಿಕಾರ ನಡೆಸುತ್ತಿದ್ದವನು ತುಳುವ ನರಸ ನಾಯಕ, ಅಂದರೆ ಕೃಷ್ಣದೇವರಾಯನ ತಂದೆ. ವಂಶದ ಹೆಸರಿನಲ್ಲಿಯೇ ತುಳುನಾಡನ್ನು ಹೊತ್ತವನು. ಅರಸನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಮೀನು ಮಾರಲು ಬಂದವರನ್ನು ಕೇಳಿ ಕಂಬ ನೆಟ್ಟರು.

ಇಲ್ಲಿಂದ ಹೊರಟ ಹಡಗುಗಳು ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ, ಅಕ್ಟೋಬರ್ 5ರಂದು ಪಶ್ಚಿಮಕ್ಕೆ ತಿರುಗಿದವು. ಬರುವಾಗ ಒಂದು ತಿಂಗಳೂ ಹಿಡಿಯದ ದಾರಿಗೆ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಆಫ್ರಿಕದ ತೀರ ಕಂಡದ್ದು 1499ರ ಜನವರಿ 2ರಂದು. ಅಷ್ಟರಲ್ಲಿ ಒಸಡು ಬಾತು ಬರುವ ಸ್ಕರ್ವಿ ರೋಗದಿಂದ ಹಲವರು ಸತ್ತಿದ್ದರು. ಬರುವಾಗ ಗಾಳಿಯನ್ನು ಬಲ್ಲ ಮಾರ್ಗದರ್ಶಿಯೊಬ್ಬನನ್ನು ಮಲಿಂದಿಯಿಂದ ಕರೆತಂದಿದ್ದರು. ಹೋಗುವಾಗ ಅನುಕೂಲವಾದ ಗಾಳಿ ಬೀಸುವ ಮುನ್ನವೇ ಹೊರಟರು. ಮಳೆಗಾಲದ ಗಾಳಿ ಯಾವಾಗ ತಿರುಗುತ್ತದೆ, ಯಾವಾಗ ಕಡಲಿಗಿಳಿಯಬಹುದು ಎಂಬುದು ಮಲ್ಪೆಯ ಯಾವ ಬೆಸ್ತನನ್ನು ಕೇಳಿದ್ದರೂ ತಿಳಿಯುತ್ತಿತ್ತು. ಕೇಳಿದ್ದು ಮಾತ್ರ ಕಂಬದ ವಿಷಯ.

ಅಂಗಿ ಹಂಚಿದ ಕೈಗಳು ಅಂಗಿಯನ್ನೇ ಹಂಚುತ್ತ ಉಳಿಯಲಿಲ್ಲ. ನಾಲ್ಕೇ ವರ್ಷಗಳ ಮೇಲೆ, 1502ರಲ್ಲಿ, ಅದೇ ಗಾಮ ಫಿರಂಗಿ ಹೊತ್ತ ದೊಡ್ಡ ನೌಕಾಪಡೆಯೊಡನೆ ಬಂದು, ಭಟ್ಕಳ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪುವಂತೆ ಮಾಡಿದ. 1568ರಲ್ಲಿ ಮಂಗಳೂರಿನಲ್ಲಿ, 1569ರಲ್ಲಿ ಬಸರೂರಿನಲ್ಲಿ ಪೋರ್ಚುಗೀಸರ ಕೋಟೆಗಳೆದ್ದವು. ನಮ್ಮ ಕಡಲಿನಲ್ಲಿ ನಮ್ಮ ಹಡಗು ಸಾಗಬೇಕಾದರೆ ಅವರಿಂದ ರಹದಾರಿ ಪತ್ರ ಪಡೆಯಬೇಕೆಂಬ ಕಟ್ಟಳೆ ಬಂದಿತು. ಇದನ್ನು ಒಪ್ಪದೆ ಉಳ್ಳಾಲದ ರಾಣಿ ಅಬ್ಬಕ್ಕ ಸೆಣಸಿದಳೆಂಬುದು ಕರಾವಳಿಯಲ್ಲಿ ಮನೆಮಾತು. ಹೀಗೆ ನೋಡಿದರೆ ಈ ಪುಟ್ಟ ದ್ವೀಪದ ಹೆಸರು ಒಂದು ದೊಡ್ಡ ಅಧ್ಯಾಯದ ಮೊದಲ ಅಕ್ಷರ. ಆದರೆ ಗಾಮ ನೆಟ್ಟ ಕಂಬವನ್ನು ಇಂದು ದ್ವೀಪದಲ್ಲಿ ನೋಡುವಂತಿಲ್ಲ. ಅದರ ಕುರುಹೂ ಇಲ್ಲ. ಹೆಸರೊಂದೇ ಉಳಿದಿದೆ.

ಯಾರೂ ನೆಡದ ಕಂಬಗಳು

ಕಂಬ ನೆಡಲು ಬಂದವನ ಕಣ್ಣೆದುರಿಗೇ ಸಾಲುಸಾಲು ಕಂಬಗಳು ನಿಂತಿದ್ದವು. ಈ ದ್ವೀಪದ ಸೋಜಿಗವೇ ಅದು. ಬಡಗಿ ಅಳೆದು ಕೊಯ್ದ ತೊಲೆಗಳಂತೆ ಐದು, ಆರು, ಏಳು ಮುಖಗಳುಳ್ಳ ಕಲ್ಲುಗಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವು ನೆಟ್ಟಗೆ, ಕೆಲವು ಓರೆಯಾಗಿ. ಕೆಲವು ಕಡೆ ಮೇಲ್ತುದಿಗಳು ಮಾತ್ರ ಕಾಣುತ್ತ, ಕಲ್ಲು ಹಾಸಿದ ಅಂಗಳದಂತೆ ತೋರುತ್ತವೆ. ನಮ್ಮ ಹುಡುಗರು ಅವನ್ನು ಮೆಟ್ಟಿಲೆಂದೇ ತಿಳಿದು ಎಣಿಸಿದರು.

ಇವು ಮನುಷ್ಯರ ಕೆಲಸವಲ್ಲ. ಭೂಮಿಯೊಳಗಿಂದ ಉಕ್ಕಿ ಬಂದ ಕಲ್ಲಿನ ಪಾಕ ಮೇಲ್ಮೈಯಲ್ಲಿ ಆರತೊಡಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಆರಿದ ಮೇಲ್ಮೈಯಲ್ಲಿ ಹುಟ್ಟಿದ ಬಿರುಕುಗಳು, ಪಾಕ ಆರುತ್ತ ಹೋದಂತೆ ಆಳಕ್ಕೆ ಇಳಿಯುತ್ತವೆ. ಹಾಗೆ ಇಳಿದ ಬಿರುಕುಗಳ ನಡುವೆ ಉಳಿದದ್ದೇ ಕಂಬ. ಐರ್ಲೆಂಡಿನ ಉತ್ತರ ತೀರದ ಜೈಂಟ್ಸ್ ಕಾಸ್‌ವೇ ಇದೇ ಬಗೆಯದು. ಮುಂಬಯಿಯ ಅಂಧೇರಿಯಲ್ಲಿ ಗಿಲ್ಬರ್ಟ್ ಗುಡ್ಡವೂ ಹಾಗೆಯೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಮಲ್ಪೆಯ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಗಲ್ಲು ಇವೂ ಇದೇ ಪಟ್ಟಿಯಲ್ಲಿ ಸೇರಿವೆ.

ಇಲ್ಲಿಯೂ ಒಂದು ತಪ್ಪು ಕಲ್ಪನೆಯನ್ನು ತಿದ್ದಿಕೊಳ್ಳಬೇಕಾಗಿದೆ. ಇದನ್ನು ಬಸಾಲ್ಟ್ ಶಿಲೆಯೆಂದು ಹೇಳುವ ರೂಢಿ ಬಲವಾಗಿದೆ. ಕಲಬುರಗಿ, ಬೀದರಗಳ ಕರಿಮಣ್ಣಿಗೆ ಕಾರಣವಾದ ಡೆಕ್ಕನ್ನಿನ ಕರಿಗಲ್ಲು ನಿಜವಾದ ಬಸಾಲ್ಟ್; ಅದು ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಕಲ್ಲು ಅದಕ್ಕಿಂತ ಹಳೆಯದು, ಅದರ ಗುಣವೂ ಬೇರೆ. ಬೆಣಚಿನ ಅಂಶ ಹೆಚ್ಚಾಗಿರುವ ಇದನ್ನು ರಯೋಡೇಸೈಟ್ ಎಂದು ಶಾಸ್ತ್ರಜ್ಞರು ಕರೆಯುತ್ತಾರೆ. 1981ರಲ್ಲಿ ಪ್ರಕಟವಾದ ಅಳತೆ ಇದರ ವಯಸ್ಸು ಸುಮಾರು 9.3 ಕೋಟಿ ವರ್ಷವೆಂದಿತು. ಅನಂತರದ ಅಳತೆಯೊಂದು ಸುಮಾರು 8.5 ಕೋಟಿ ವರ್ಷವೆಂದಿತು. ಮಡಗಾಸ್ಕರ್ ದ್ವೀಪದಲ್ಲಿಯೂ ಹೆಚ್ಚುಕಡಮೆ ಅದೇ ಕಾಲದ ಅಗ್ನಿಶಿಲೆಗಳಿವೆ. ಇವೆರಡನ್ನೂ ಹೋಲಿಸಿ ನೋಡಿದ ವಿದ್ವಾಂಸರು, ಒಂದಾಗಿದ್ದ ಭಾರತ ಮತ್ತು ಮಡಗಾಸ್ಕರ್‌ಗಳು ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಕಲ್ಲು ಇದು ಎನ್ನುತ್ತಾರೆ.

ಇದನ್ನು ಕಂಡುಹಿಡಿಯುವ ಬಗೆಯೂ ಸ್ವಾರಸ್ಯವಾದದ್ದು. ಕಲ್ಲಿನ ಪಾಕ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಮಿಯ ಕಾಂತಶಕ್ತಿಯ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಅಳೆದರೆ ಆ ಕಲ್ಲು ಹುಟ್ಟಿದಾಗ ಭೂಮಿಯ ಯಾವ ಅಕ್ಷಾಂಶದಲ್ಲಿತ್ತು ಎಂದು ತಿಳಿಯುತ್ತದೆ. ಈ ದ್ವೀಪದ ಕಲ್ಲು ಹುಟ್ಟಿದಾಗ ನಮ್ಮ ದೇಶ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು! ಕಲ್ಲಿನ ನೆನಪನ್ನು ಹೀಗೆ ಓದುವ ವಿದ್ಯೆ ಬೆಳೆದಿರುವ ರಾಷ್ಟ್ರೀಯ ಭೂಭೌತ ಸಂಶೋಧನಾಲಯ, 1961ರಲ್ಲಿ ಸ್ಥಾಪನೆಯಾದದ್ದು, ನಮ್ಮ ಉಪ್ಪಲ್ ರಸ್ತೆಯಲ್ಲಿಯೇ ಇದೆ. ನಾವು ದಿನವೂ ಅದರ ಗೇಟಿನ ಮುಂದೆಯೇ ಹಾದುಹೋಗುತ್ತೇವೆ. ಹುಡುಕಿಕೊಂಡು ಸಮುದ್ರದವರೆಗೆ ಹೋದವರಿಗೆ ಉತ್ತರದ ಒಂದು ಭಾಗ ಮನೆಯ ಪಕ್ಕದಲ್ಲಿಯೇ ಇತ್ತು. ಅಷ್ಟೇ ಅಲ್ಲ, ಹೈದರಾಬಾದಿನ ಬೆಣಚು ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅವುಗಳ ಮುಂದೆ ಮಲ್ಪೆಯ ಕಂಬಗಳು ಮೊನ್ನೆ ಹುಟ್ಟಿದ ಕೂಸುಗಳು. ಅಂತಹ ಬಂಡೆಗಳನ್ನು ನಾವು ಸಿಡಿಮದ್ದಿಟ್ಟು ಒಡೆದು ಮನೆ ಕಟ್ಟಿಕೊಂಡು ಬಾಳುತ್ತಿದ್ದೇವೆ.

ಹೋಗಿ ಬರುವವರಿಗೆ ಎರಡು ಮಾತು

ನಮ್ಮ ಸಂಘದ ಸದಸ್ಯರು ಅವಕಾಶವಾದಾಗ ಈ ದ್ವೀಪವನ್ನು ನೋಡಿ ಬರಬೇಕೆಂದು ನಮ್ಮ ಬಿನ್ನಹ. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ನೆತ್ತಿಗೆ ಟೋಪಿ, ಕುಡಿಯಲು ನೀರು ಜೊತೆಗಿರಲಿ. ನೋಟಕ್ಕೆ ಶಾಂತವಾಗಿರುವ ಈ ಕಡಲನ್ನು ಮಾತ್ರ ನಂಬಬಾರದು. 2022ರ ಏಪ್ರಿಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಬಂಡೆಗಳು ಜಾರುತ್ತವೆ, ಅವುಗಳಾಚೆ ಆಳವಿದೆ. ಕಾವಲಿನವರು ಬೇಡವೆಂದ ಕಡೆ ಇಳಿಯದಿರುವುದೇ ವಿವೇಕ. ನಮ್ಮ ಗುಂಪಿನ ಹಿರಿಯರೊಬ್ಬರು ಮಕ್ಕಳ ಫೋಟೋಕ್ಕಾಗಿ ಒದ್ದೆ ಬಂಡೆಯ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದಾಗ ದೋಣಿಯವನು ಓಡಿಬಂದು ರಟ್ಟೆ ಹಿಡಿದು ನಿಲ್ಲಿಸಿದ. "ನೀರು ಕಾಯುವುದಿಲ್ಲ ಮಾರಾಯ್ರೆ" ಎಂದಷ್ಟೇ ಹೇಳಿದ. ಇನ್ನು ಎರಡು ಹೆಜ್ಜೆಯಲ್ಲಿ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ದಡಕ್ಕೆ ಬಂದ ಮೇಲೆ ಅವನಿಗೆ ಏನಾದರೂ ಕೊಡಹೋದೆವು. ಟಿಕೆಟಿನ ಹಣ ಕೊಟ್ಟಾಗಿದೆಯಲ್ಲ ಎಂದು ನಕ್ಕು ಹೊರಟುಹೋದ.

ಇನ್ನೊಂದು ಮಾತು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಕರ್ನಾಟಕವನ್ನು ಅರಿಯುವುದು ಇಂತಹ ಪ್ರವಾಸಗಳಿಂದಲೇ. ದೋಣಿಯಲ್ಲಿ ಕೇಳಿದ ಕಥೆಯನ್ನೇ ಅವರು ನಿಜವೆಂದು ತಿಳಿದು ದೊಡ್ಡವರಾಗುತ್ತಾರೆ; ಮುಂದೆ ತಮ್ಮ ಮಕ್ಕಳಿಗೂ ಅದನ್ನೇ ಹೇಳುತ್ತಾರೆ. ಹೊರಗಿನವನೊಬ್ಬ ಬಂದು ಹೆಸರಿಟ್ಟ ಮೇಲೆಯೇ ನಮ್ಮ ನೆಲದ ಚರಿತ್ರೆ ಆರಂಭವಾಯಿತೆಂಬ ಭಾವನೆ ಅವರಲ್ಲಿ ಬೇರೂರಬಾರದು. ಹಾಗೆಂದು ಮೇರಿಯ ಹೆಸರನ್ನು ಅಳಿಸಬೇಕಾಗಿಲ್ಲ. ಐನೂರು ವರ್ಷ ಬಾಳಿದ ಹೆಸರೂ ಚರಿತ್ರೆಯೇ. ಅದರ ಪಕ್ಕದಲ್ಲಿ ನಮ್ಮ ಜನ ಕರೆದ ಹೆಸರನ್ನೂ ಬರೆದಿಡಬೇಕು, ಅಷ್ಟೇ.

ಊರಿಗೆ ಬಂದ ಮೇಲೆ ಪ್ರಶ್ನೆ ಕೇಳಿದ ಹುಡುಗಿ ಶಾಲೆಯ ಪುಸ್ತಕದಲ್ಲಿ ದ್ವೀಪದ ಚಿತ್ರ ಬರೆದಳು. ಕನ್ನಡ ಅಕ್ಷರಗಳನ್ನು ಅವಳು ಕಲಿಯುತ್ತಿರುವುದು ಮನೆಯಲ್ಲಿ, ಭಾನುವಾರಗಳಲ್ಲಿ. ಚಿತ್ರದ ಕೆಳಗೆ ತೋನ್ಸೆಪಾರ್, ತೆಂಗಿನ ದ್ವೀಪ, ಸೇಂಟ್ ಮೇರೀಸ್ ಎಂದು ಮೂರು ಹೆಸರುಗಳನ್ನೂ ಬರೆದು ತೋರಿಸಿದಳು. 'ತೋನ್ಸೆ'ಯ ಒತ್ತಕ್ಷರ ಸ್ವಲ್ಪ ಸೊಟ್ಟಗಾಗಿತ್ತು. ನಾವು ತಿದ್ದಿಕೊಟ್ಟೆವು.